ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುವ ಅರುಂಧತಿ

ನನ್ನ ತಮ್ಮನ ಮಗಳು ಸಿಂಚನಳ ಮದುವೆಯ ಆಲ್ಬಂ ಮೊನ್ನೆ ಬಂತು. ಗಾತ್ರದಲ್ಲಿ ಇಟ್ಟಿಗೆ, ತೂಕದಲ್ಲಿ ಒರಳು. ಅದರ ಕೊನೆಯ ಕಡೆ ಒಂದು ಪುಟ ಪೂರ್ತಿ ಕಪ್ಪಾಗಿದೆ. ಕಿಟಕಿಯ ಬಳಿ ಹಿಡಿದು ನೋಡಿದರೆ ಎಡಗಡೆ ಯಾರದೋ ಹಲ್ಲು, ಬಲಗಡೆ ಒಂದು ಜರಿ ಅಂಚು, ಅಷ್ಟೇ. ಫೋಟೋ ತೆಗೆದವನು “ಇದು ಏನೂ ಬಂದಿಲ್ಲ ಮೇಡಂ, ತೆಗೆದುಬಿಡ್ತೀನಿ” ಎಂದಿದ್ದ. ನಾನು ಬಿಡಲಿಲ್ಲ. ಈಗ ಮನೆಗೆ ಬಂದವರೆಲ್ಲ ಆ ಪುಟಕ್ಕೆ ಬಂದು ನಿಂತು, “ಇದೇನಕ್ಕ, ಕರೆಂಟ್ ಹೋಗಿತ್ತಾ?” ಎನ್ನುತ್ತಾರೆ. ಹೋಗಿರಲಿಲ್ಲ, ದೀಪವನ್ನೆಲ್ಲ ನಾನೇ ಆರಿಸಲು ಹೇಳಿದ್ದೆ. ಇದನ್ನು ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಟ್ಟರೆ ಬಂದವರು ಓದಿಕೊಂಡು ಕಾಫಿ ಕುಡಿದು ಹೋಗಬಹುದು.

ಅರುಂಧತಿ ತೋರಿಸುವ ಫೋಟೋ ನಿಮ್ಮ ಮದುವೆಯ ಆಲ್ಬಮ್ಮಿನಲ್ಲೂ ಇದ್ದೇ ಇರುತ್ತದೆ. ಹೋಗಿ ನೋಡಿ. ತಾಳಿ ಕಟ್ಟಿ ಅರ್ಧ ಗಂಟೆಯಾಗಿದೆ, ಸೂರ್ಯ ನೆತ್ತಿಯ ಮೇಲಿದ್ದಾನೆ, ಮಂಟಪದ ಬಾಗಿಲಲ್ಲಿ ಗಂಡು ಬೆರಳೆತ್ತಿ ನಿಂತಿದ್ದಾನೆ, ಹೆಣ್ಣು ಕಣ್ಣು ಕಿರಿದು ಮಾಡಿ ಆಕಾಶ ನೋಡುತ್ತಿದ್ದಾಳೆ. ಪುರೋಹಿತರು “ಕಾಣಿಸ್ತೇನಮ್ಮ?” ಎನ್ನುತ್ತಾರೆ. “ಕಾಣಿಸ್ತು” ಎನ್ನುತ್ತಾಳೆ. ಹಟ್ಟ ಹಗಲಲ್ಲಿ ನಕ್ಷತ್ರ! ಸಂಸಾರದ ಮೊದಲ ಅರ್ಧ ಗಂಟೆಯೊಳಗೆ ಮೊದಲ ಸುಳ್ಳು, ಅದೂ ಅಗ್ನಿಸಾಕ್ಷಿಯಾಗಿ.

ನನ್ನ ಮದುವೆಯಲ್ಲಿ ನಾನು “ಕಾಣ್ತಿಲ್ಲ” ಎಂದಿದ್ದೆ. ಆಗ ಹಾಸನದಲ್ಲಿ ನರ್ಸಿಂಗ್ ತರಬೇತಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ನಮಗೆ ಕಲಿಸಿದ ಹಿರಿಯ ಸಿಸ್ಟರ್ ಬೆಳಗಿನ ಐದಕ್ಕೆ ಗಂಟೆ ಬಾರಿಸುವವರು. ಮಂಚದ ಹಾಸಿನ ಮೂಲೆ ಸ್ವಲ್ಪ ಸೊಟ್ಟಗಿದ್ದರೂ ಇಡೀ ಹಾಸು ಕಿತ್ತೆಸೆಯುವವರು. “ಕಂಡದ್ದನ್ನ ಬರೆ, ಕಾಣದ್ದನ್ನ ಬರೀಬೇಡ” ಎಂಬುದು ಅವರ ಪಾಠ. ಜ್ವರ ನೋಡದೆ ಜ್ವರದ ಪಟ್ಟಿ ತುಂಬಿಸಿದವಳೊಬ್ಬಳನ್ನು ಮೂರು ದಿನ ಬರೀ ಬೆಡ್‌ಪ್ಯಾನ್ ತೊಳೆಯಲು ಹಾಕಿದ್ದರು. ಅಂಥವರ ಕೈಯಲ್ಲಿ ಪಳಗಿದವಳು ನಾನು, ನಡುಹಗಲಲ್ಲಿ ನಕ್ಷತ್ರ ಕಾಣಿಸಿತು ಎಂದು ಹೇಗೆ ಹೇಳಲಿ? ಪುರೋಹಿತರು ಮೂರು ಸಲ ಕೇಳಿದರು. ಮೂರು ಸಲವೂ ಇಲ್ಲವೆಂದೆ. ಊಟಕ್ಕೆ ಎಲೆ ಹಾಕಿಯಾಗಿತ್ತು, ಜನ ಗೊಣಗತೊಡಗಿದರು. ಕೊನೆಗೆ ನಮ್ಮ ಯಜಮಾನರು, “ನಂಗೆ ಎರಡೆರಡು ಕಾಣ್ತವೆ ಸ್ವಾಮಿ, ಒಂದನ್ನ ಇವಳ ಹೆಸರಿಗೆ ಹಾಕ್ಕೊಳಿ” ಎಂದು ಪ್ರಕರಣ ಮುಗಿಸಿದರು. ಅವರು ತೆಂಗಿನಕಾಯಿ ಮಂಡಿಯವರು. ಯಾವುದನ್ನೂ ಬೇಗ ಇತ್ಯರ್ಥ ಮಾಡಿ ಊಟಕ್ಕೆ ಏಳುವುದು ಅವರ ಸ್ವಭಾವ.

ನಕ್ಷತ್ರದ ಮೇಲೆ ನನಗೇನೂ ಕೋಪವಿರಲಿಲ್ಲ. ಅದು ನನಗೆ ಚಿಕ್ಕಂದಿನಿಂದ ಪರಿಚಯ. ಹಳೇಕೋಟೆಯಲ್ಲಿ ನಮ್ಮಜ್ಜಿ ಬೇಸಿಗೆಯ ಸಂಜೆ ಅಂಗಳದಲ್ಲಿ ಚಾಪೆ ಹಾಸಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಕಣ್ಣಿನ ಪರೀಕ್ಷೆ ಮಾಡುತ್ತಿದ್ದಳು. ಸಪ್ತರ್ಷಿ ಮಂಡಲ ಗೊತ್ತಲ್ಲ, ಆಕಾಶಕ್ಕೆ ಸೌಟು ಎಸೆದ ಹಾಗೆ ಏಳು ನಕ್ಷತ್ರ. ಸೌಟಿನ ಹಿಡಿಯ ತುದಿಯಿಂದ ಎರಡನೆಯದು ವಸಿಷ್ಠ. ಅದರ ಮಗ್ಗುಲಲ್ಲೇ ಅಂಟಿಕೊಂಡ ಹಾಗೆ ಒಂದು ಸಣ್ಣ ಚುಕ್ಕಿ ಇದೆ, ಅದು ಅರುಂಧತಿ. ಕಣ್ಣು ಚೆನ್ನಾಗಿದ್ದರೆ ಎರಡು ಕಾಣಬೇಕು. ನಾನು “ಎರಡು” ಎನ್ನುತ್ತಿದ್ದೆ. ತಮ್ಮ ಸೋಮಣ್ಣ ಅಕ್ಕನಿಗಿಂತ ಹೆಚ್ಚು ಅಂಕ ಬರಲಿ ಎಂದು “ಹತ್ತು” ಎನ್ನುತ್ತಿದ್ದ.

“ಅರುಂಧತಿ ಕಾಣ್ದಿರೋರು ಆರ್ ತಿಂಗ್ಳಲ್ಲಿ ಸತ್ತೋಯ್ತಾರೆ ಕಣ್ರಪ್ಪ” ಎಂದೂ ಅಜ್ಜಿ ಹೇಳುತ್ತಿದ್ದಳು. ಅದಕ್ಕೆ ಪಕ್ಕದ ಮನೆಯ ತಿಮ್ಮಜ್ಜನೇ ಉದಾಹರಣೆ. ಒಂದು ಬೇಸಿಗೆ ಅವನಿಗೆ ಅರುಂಧತಿ ಕಾಣಲಿಲ್ಲ. ಇನ್ನೇನು ಮುಗಿಯಿತೆಂದು ತನ್ನ ಕಂಬಳಿಯನ್ನು ಅಳಿಯನಿಗೆ, ಕೊಡೆಯನ್ನು ಬೀಗನಿಗೆ, ಎಲೆಯಡಿಕೆ ಚೀಲವನ್ನು ನಮ್ಮ ತಾತನಿಗೆ ಕೊಟ್ಟು ಅಂಗಾತ ಮಲಗಿದ. ಆರು ತಿಂಗಳಾಯಿತು, ವರ್ಷವೇ ಆಯಿತು. ಮಳೆ ಶುರುವಾದ ದಿನ ಎದ್ದು ಹೋಗಿ ಬೀಗನ ಹತ್ತಿರ ಕೊಡೆ ವಾಪಸ್ ಕೇಳಿದ. ಬೀಗ ಕೊಡಲಿಲ್ಲ. ಆಮೇಲೆ ಹನ್ನೊಂದು ವರ್ಷ ಬದುಕಿ, ಅಷ್ಟೂ ವರ್ಷ ಆ ಕೊಡೆಗಾಗಿ ಜಗಳವಾಡಿದ. ಉದಾಹರಣೆ ತನಗೇ ಉಲ್ಟಾ ಹೊಡೆಯುತ್ತದೆ ಎಂಬುದು ಅಜ್ಜಿಗೆ ಕೊನೆಯವರೆಗೂ ಹೊಳೆಯಲಿಲ್ಲ.

ಇರಲಿ, ಸಿಂಚನಳ ಮದುವೆಗೆ ಬರೋಣ. ಚಳಿಗಾಲದಲ್ಲಿ ನಿಶ್ಚಿತಾರ್ಥವಾಯಿತು. ಹುಡುಗ ಪ್ರಸನ್ನ, ಚನ್ನರಾಯಪಟ್ಟಣದ ಕಡೆಯವನು, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತಾಂಬೂಲ ಬದಲಾಯಿಸಿಕೊಳ್ಳುವಾಗ ಎಲ್ಲರೂ ಉತ್ಸಾಹದಲ್ಲಿದ್ದರು. ನಾನೂ ಉತ್ಸಾಹದಲ್ಲಿ ಎದ್ದು ನಿಂತು ಸಾರಿಬಿಟ್ಟೆ: “ಈ ಮದುವೆಯಲ್ಲಿ ಹಗಲು ಹೊತ್ತಿನ ನಾಟಕ ಬೇಡ. ಸಂಜೆ ಏಳೂವರೆಗೆ ನಿಜವಾದ ಅರುಂಧತಿಯನ್ನೇ ತೋರಿಸೋಣ. ಸೋದರತ್ತೆ ನಾನು, ನಾನೇ ತೋರಿಸ್ತೀನಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗಿದು ಬೇಕಿತ್ತೇ?

ಏಪ್ರಿಲ್ ತಿಂಗಳ ಒಂದು ಸಂಜೆ ಹೊಳೆನರಸೀಪುರದ ನಮ್ಮ ಮನೆಯ ತಾರಸಿಗೆ ಹೋಗಿ ತಾಲೀಮಿಗೆಂದು ಆಕಾಶ ನೋಡಿದೆ. ಸೌಟು ಎಲ್ಲಿ? ಸೌಟಿನ ಜಾಗದಲ್ಲಿ ಯಾರೋ ಹಾಲು ಚೆಲ್ಲಿ ಒರೆಸಿದ ಹಾಗಿತ್ತು. ವಸಿಷ್ಠ, ಅರುಂಧತಿ, ಏಳು ಋಷಿಗಳು, ಪಕ್ಕದ ಬೀದಿಯ ಟ್ಯೂಬ್‌ಲೈಟು ಎಲ್ಲರೂ ಒಂದೇ. ಕನ್ನಡಕ ಒರೆಸಿದೆ. ಕಣ್ಣು ತೊಳೆದೆ. ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ದುಡಿದವಳಿಗೆ ಇದೇನೆಂದು ಬೇರೆಯವರು ಹೇಳಬೇಕಾಗಿಲ್ಲ. ಪೊರೆ, ಎರಡೂ ಕಣ್ಣಿಗೆ.

ಇಲ್ಲಿ ನನ್ನ ಒಂದು ನಾಚಿಕೆಗೇಡಿನ ವಿಷಯ ಹೇಳಬೇಕು. ಪೊರೆ ತೆಗೆಸಿಕೊಳ್ಳಲು ಹೆದರುವ ಅದೆಷ್ಟೋ ಅಜ್ಜಿ ತಾತಂದಿರನ್ನು ನಾನು ಗದರಿಸಿ ಆಪರೇಷನ್ ಕೋಣೆಗೆ ತಳ್ಳಿದ್ದೇನೆ. “ಕಾಲು ಗಂಟೆ ಕೆಲಸ ಕಣಜ್ಜ, ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ” ಎಂದಿದ್ದೇನೆ. ಹಾಗೆ ಹೇಳುವಾಗಲೆಲ್ಲ ಒಳಗೊಳಗೇ ದೇವರೇ, ನನಗೆ ಮಾತ್ರ ಇದು ಬಾರದಿರಲಿ ಎಂದು ಬೇಡಿಕೊಂಡಿದ್ದೇನೆ. ಕಣ್ಣಿನ ಹತ್ತಿರ ಯಾರಾದರೂ ಬೆರಳು ತಂದರೂ ನಾನು ಹಿಂದಕ್ಕೆ ಹಾರುತ್ತೇನೆ. ಕಾಡಿಗೆ ಕೂಡ ಹಚ್ಚಿಕೊಂಡವಳಲ್ಲ.

ಹಾಗಾಗಿ ಯಾರಿಗೂ ಹೇಳದೆ ದಿನ ದೂಡಿದೆ. ನಮ್ಮ ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಜಾಗ, ಪ್ರತಿಯೊಂದಕ್ಕೂ ಒಂದು ಹೊತ್ತು. ತಿಂಡಿ ಏಳೂವರೆಗೆ, ಏಳು ಮೂವತ್ತೈದಕ್ಕೆ ಬಂದವರಿಗೆ ಬರೀ ಕಾಫಿ. ಇಂಥ ಮನೆಯಲ್ಲಿ ಕುರುಡರೂ ಬದುಕಬಹುದು. ಒಂದೇ ಒಂದು ಸಲ ಎಡವಟ್ಟಾಯಿತು. ಹಿತ್ತಲಲ್ಲಿ ಯಜಮಾನರು ಬಿಸಿಲಿಗೆ ನಿಂತಿದ್ದಾರೆಂದುಕೊಂಡು, ಬಿ.ಪಿ. ಮಾತ್ರೆ ನುಂಗದೆ ಬಂದದ್ದಕ್ಕೆ ಐದು ನಿಮಿಷ ಬೈದೆ. ಮದುವೆಯಾದಾಗಿನಿಂದ ಅವರು ಅಷ್ಟು ವಿನಯದಿಂದ ಕೇಳಿಸಿಕೊಂಡದ್ದೇ ಇಲ್ಲ. ಹತ್ತಿರ ಹೋದರೆ ತಂತಿಯ ಮೇಲೆ ಒಣಗಲು ಹಾಕಿದ ಲುಂಗಿ.

ಈಗ ನಕ್ಷತ್ರದ ಗತಿಯೇನು? ಕಾಣದ್ದನ್ನು ಕಂಡೆ ಎನ್ನಬಾರದು. ಕಾಣುವುದಿಲ್ಲ ಎಂದರೆ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾರೆ. ಒಂದು ಉಪಾಯ ಹೊಳೆಯಿತು. ಮದುವೆ ಅರಕಲಗೂಡಿನ ಒಂದು ಮಂಟಪದಲ್ಲಿ. ಮದುವೆಗೆ ಎಂಟು ದಿನ ಮೊದಲು ಅಡುಗೆಮನೆ ನೋಡುವ ನೆಪದಲ್ಲಿ ಅಲ್ಲಿಗೆ ಹೋಗಿ ಸಂಜೆ ಏಳೂವರೆಯವರೆಗೆ ಉಳಿದೆ. ಅಲ್ಲಿನ ವಾಚ್‌ಮನ್ ನಿಂಗಣ್ಣನನ್ನು ಮಂಟಪದ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ, “ಸೌಟಿನ ಹಾಗೆ ಏಳು ಚುಕ್ಕಿ ಕಾಣುತ್ತೇನಪ್ಪ?” ಎಂದೆ.

“ಕಾಣ್ತವೆ ಕಣಕ್ಕ.”

“ಹಿಡಿಯ ತುದಿಯಿಂದ ಎರಡನೇದರ ಪಕ್ಕ ಏನಿದೆ?”

“ಒಂದು ಮರಿ ಐತೆ ಕಣಕ್ಕ. ಯಾಕೆ, ನಿಮ್ಗೆ ಕಾಣಕಿಲ್ವಾ?”

“ನಿನಗೆ ಕಾಣುತ್ತೋ ಇಲ್ಲವೋ ಅಂತ ಪರೀಕ್ಷೆ ಮಾಡಿದೆ” ಎಂದೆ. ಅವನ ಕೈ ಚಾಚಿಸಿ ಮುಷ್ಟಿ ಹಿಡಿಸಿ ಅಳೆಸಿದೆ. ನೀರಿನ ಟ್ಯಾಂಕಿನ ತಲೆಯಿಂದ ಸರಿಯಾಗಿ ಎರಡು ಮುಷ್ಟಿ ಮೇಲೆ. ಪುಸ್ತಕದಲ್ಲಿ ಬರೆದುಕೊಂಡೆ: ಟ್ಯಾಂಕು, ಎರಡು ಮುಷ್ಟಿ, ಏಳು ಮೂವತ್ತು. ಹಾಸಿನ ಮೂಲೆಯಷ್ಟೇ ನೇರವಾದ ಯೋಜನೆ.

ಮದುವೆಯ ದಿನ ತಾಳಿ ಕಟ್ಟಿ ಆಯಿತು. ಪುರೋಹಿತರು ಅಭ್ಯಾಸಬಲದಿಂದ ಗಂಡು ಹೆಣ್ಣನ್ನು ಬಾಗಿಲ ಕಡೆ ಹೊರಡಿಸಿದರು. ನಾನು ಅಡ್ಡ ನಿಂತೆ.

“ಅದು ಸಂಜೆಗೆ, ಸ್ವಾಮಿ.”

“ಶಾಸ್ತ್ರ ಅಂದ್ರೆ ಶಾಸ್ತ್ರ ಅಮ್ಮ. ಕಾಣ್ಲೇಬೇಕು ಅಂತ ಎಲ್ಲಿದೆ? ಸಂಜೆ ನಂಗೆ ಕಟ್ಟಾಯದಲ್ಲಿ ಗೃಹಪ್ರವೇಶದ ಹೋಮ ಇದೆ.”

“ನೀವು ಹೋಮಕ್ಕೆ ಹೋಗಿ. ನಕ್ಷತ್ರ ನಾನು ನೋಡ್ಕೋತೀನಿ.”

ಅವರು ದಕ್ಷಿಣೆ ತೆಗೆದುಕೊಂಡು ಹೋಗುವಾಗ, ಒಂದು ಕೆಲಸ ಕಡಿಮೆಯಾಯಿತು ಎಂಬ ನೆಮ್ಮದಿ ಅವರ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು.

ಸಂಜೆಯವರೆಗೆ ಗಂಡಿನ ಕಡೆಯವರನ್ನು ಹಿಡಿದಿಡುವುದು ಸುಲಭವಾಗಿರಲಿಲ್ಲ. ಅವರ ಬಸ್ಸು ಮೂರು ಗಂಟೆಗೇ ಹೊರಡಬೇಕಿತ್ತು. ಡ್ರೈವರ್ ಹತ್ತು ನಿಮಿಷಕ್ಕೊಮ್ಮೆ ಹಾರ್ನ್ ಹೊಡೆಯುತ್ತಿದ್ದ. ಪ್ರಸನ್ನನ ಅಜ್ಜಿ ಪುಟ್ಟತಾಯಮ್ಮ ಬಸ್ಸಿನ ಕಿಟಕಿಯಿಂದಲೇ ಕೂಗುತ್ತಿದ್ದರು: “ಏನವ್ವ ನರ್ಸಮ್ಮ, ನಿನ್ ಚುಕ್ಕಿ ಯಾವ್ ಊರಿಂದ ಬರ್ಬೇಕು? ಅದ್ಕೂ ಒಂದು ಬಸ್ ಕಳಿಸ್ಬುಡಾದಾ?” ನಾನು ಎಲ್ಲರಿಗೂ ಎರಡು ಸಲ ಕಾಫಿ, ಒಂದು ಸಲ ಮಂಡಕ್ಕಿ ಕೊಡಿಸಿ ಸಮಾಧಾನಪಡಿಸಿದೆ.

ಏಳೂಕಾಲಿಗೆ ಸುಮಾರು ಅರವತ್ತು ಜನರನ್ನು ಹಿಂದಿನ ಬಯಲಿಗೆ ಕರೆತಂದು ಸಾಲಾಗಿ ನಿಲ್ಲಿಸಿದೆ. ಕುಳ್ಳಗಿದ್ದವರು ಮುಂದೆ. ನಿಂಗಣ್ಣನಿಗೆ ಸನ್ನೆ ಮಾಡಿದೆ. ಅವನು ಮಂಟಪದ ದೀಪ, ಸೀರಿಯಲ್ ಸೆಟ್ಟು ಎಲ್ಲ ಆರಿಸಿದ. ಗವ್ವೆನ್ನುವ ಕತ್ತಲೆ. ಆ ಕಪ್ಪು ಫೋಟೋ ತೆಗೆದದ್ದು ಆಗಲೇ. ನಕ್ಷತ್ರ ಕಾಣದಿದ್ದರೂ ಟ್ಯಾಂಕಿನ ದೊಡ್ಡ ಆಕಾರ ನನಗೆ ತಿಳಿಯುತ್ತಿತ್ತು. ಹೊತ್ತನ್ನು ಬಾಯಿಬಿಟ್ಟು ಹೇಳುವ ನನ್ನ ಫೋನು “ಏಳು ಮೂವತ್ತು” ಎಂದಿತು. ಕೈ ಚಾಚಿ ಎರಡು ಮುಷ್ಟಿ ಅಳೆದು, ಬೆರಳು ನೆಟ್ಟಗೆ ಮಾಡಿ, “ಅಗೋ, ಅರುಂಧತಿ!” ಎಂದೆ.

“ಕಾಣಿಸ್ತು ಅತ್ತೆ” ಎಂದಳು ಸಿಂಚನ.

“ಕಾಣಿಸ್ತು, ಕಾಣಿಸ್ತು” ಎಂದರು ಅರವತ್ತು ಜನ.

“ಅಬ್ಬಬ್ಬಾ, ಏನ್ ಬೆಳ್ಕವ್ವ!” ಎಂದರು ಪುಟ್ಟತಾಯಮ್ಮ.

ಆಗ ಮದುಮಗ ಕೆಮ್ಮಿದ. “ಅತ್ತೆ, ತಪ್ಪು ತಿಳ್ಕೋಬೇಡಿ… ನೀವು ತೋರಿಸ್ತಿರೋದು ಹಿಡಿಯ ತುದೀದು. ಅದು ಮರೀಚಿ, ಒಂಟಿ. ಅರುಂಧತಿ ಅದಕ್ಕಿಂತ ಮೇಲಿದೆ.”

ನನ್ನ ತಮ್ಮ ಸೋಮಣ್ಣನಿಗೆ ಸಿಟ್ಟು ಬಂತು. ಹೊಸ ಅಳಿಯ ಎಂಬುದನ್ನೂ ಮರೆತು, “ನಮ್ಮಕ್ಕ ತಪ್ಪು ಮಾಡೋ ಪೈಕಿ ಅಲ್ಲ ಕಣ್ರೀ. ಅಕ್ಕ ಎಲ್ಲಿ ತೋರಿಸ್ತಾಳೋ ಅಲ್ಲೇ ಅರುಂಧತಿ” ಎಂದ.

“ಯಾಕ್ರೀ? ನಮ್ ಉಡ್ಗ ಮೇಷ್ಟ್ರು ಕಣ್ರೀ, ಅದನ್ನೇ ಓದಿರಾದು” ಎಂದು ಗಂಡಿನ ಕಡೆಯಿಂದ ಒಂದು ದನಿ ಬಂತು.

“ಮೇಷ್ಟ್ರಾದ್ರೆ ಸ್ಕೂಲಲ್ಲಿ. ಇಲ್ಲಿ ಹೆಣ್ಣಿನ ಕಡೆಯವ್ರು ನಾವು, ಕೆಳಗಡೇನೇ ಇರೋದು!”

“ಮೇಲ್ಗಡೆ!”

ಅರ್ಧ ಜನ ಕೆಳಗೆ, ಅರ್ಧ ಜನ ಮೇಲೆ ಎಂದು ಕತ್ತಲೆಯಲ್ಲೇ ಕೂಗಾಟ ಹತ್ತಿತು. ನನಗೆ ಮಾತ್ರ ಎಲ್ಲಿ ತಪ್ಪಿತೆಂದು ತಿಳಿಯಲಿಲ್ಲ. ಅದೇ ಬಯಲು, ಅದೇ ಟ್ಯಾಂಕು, ಅದೇ ಏಳು ಮೂವತ್ತು. “ಹೋದ ವಾರ ಇಲ್ಲೇ ಇತ್ತು” ಎಂದು ಬಾಯಿಬಿಟ್ಟೆ.

“ಹೋದ ವಾರ ಇತ್ತು ಅತ್ತೆ” ಎಂದ ಪ್ರಸನ್ನ, ಮಕ್ಕಳಿಗೆ ಹೇಳುವ ಮೆತ್ತನೆಯ ದನಿಯಲ್ಲಿ. “ನಕ್ಷತ್ರಗಳು ದಿನಾ ನಾಲ್ಕು ನಿಮಿಷ ಮುಂಚೆ ಬರ್ತವೆ. ಎಂಟು ದಿನಕ್ಕೆ ಅರ್ಧ ಗಂಟೆ ಆಯ್ತಲ್ಲ, ಮೇಲೆ ಹೋಗ್ಬಿಟ್ಟಿದೆ.”

ದಿನಾ ನಾಲ್ಕು ನಿಮಿಷ ಮುಂಚೆ! ಇಡೀ ಜನ್ಮದಲ್ಲಿ ಸಮಯ ಪಾಲನೆಯಲ್ಲಿ ನನ್ನನ್ನು ಯಾರಾದರೂ ಸೋಲಿಸಿದ್ದರೆ ಅದು ಇವಳೊಬ್ಬಳೇ. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಸೋಮಣ್ಣ ಹೇಗೂ ನನ್ನ ಪರ ಕೈ ಮಿಲಾಯಿಸಲು ತಯಾರಾಗಿದ್ದ. ಆದರೆ ಹೊಸ ಮದುಮಗ ಸತ್ಯ ಹೇಳಿ ಬೈಸಿಕೊಳ್ಳುತ್ತಿದ್ದಾನೆ, ಸತ್ಯದ ಡಂಗುರ ಹೊಡೆದ ನಾನು ಬೆರಳೆತ್ತಿಕೊಂಡು ನಿಂತಿದ್ದೇನೆ. ಬೆರಳು ಇಳಿಸಿದೆ.

“ಸೋಮಣ್ಣ, ಸುಮ್ನಿರು. ಅವರು ಹೇಳಿದ್ದೇ ಸರಿ. ನಂಗೆ ಮೇಲಿಂದೂ ಕಾಣಲ್ಲ, ಕೆಳಗಿಂದೂ ಕಾಣಲ್ಲ. ಎರಡು ಕಣ್ಣಿಗೂ ಪೊರೆ ಬಂದಿದೆ.”

ಸೋಮಣ್ಣ ಜೋರಾಗಿ ಅತ್ತುಬಿಟ್ಟ. “ಅಕ್ಕಾ, ಅರುಂಧತಿ ಕಾಣ್ತಿಲ್ವಾ? ಅಯ್ಯೋ, ಆರೇ ತಿಂಗ್ಳಾ ಅಕ್ಕಾ!” ಅವನಿಗೆ ಅರವತ್ತನಾಲ್ಕು ವರ್ಷ. ನಮ್ಮ ಯಜಮಾನರು, “ಅಳಬೇಡ ಬಾರೋ. ಇವಳು ಲುಂಗಿಗೆ ಬೈದಾಗ್ಲೇ ನಂಗೆ ಗೊತ್ತಾಯ್ತು. ಹೇಳಿದ್ರೆ ನಂಗೂ ಬೈತಾಳೆ ಅಂತ ಬಾಯ್ಮುಚ್ಕೊಂಡಿದ್ದೆ” ಎಂದರು.

“ಅದ್ಕ್ಯಾಕವ್ವ ಅಳಾದು?” ಎಂದು ಕತ್ತಲೆಯಲ್ಲಿ ಪುಟ್ಟತಾಯಮ್ಮನ ದನಿ ಬಂತು. “ನಂಗೂ ಏಳ್ ವರ್ಸದಿಂದ ಕಾಣಾಕಿಲ್ಲ. ಸತ್ತೋದ್ನಾ? ಈಗ್ಲೂ ಮೂರ್ ಮುದ್ದೆ ಉಣ್ತೀನಿ.”

“ಮತ್ತೆ ಏನ್ ಬೆಳಕು ಅಂದ್ರಲ್ಲ ಅಜ್ಜಿ?” ಎಂದ ಪ್ರಸನ್ನ.

“ಇಲ್ಲ ಅಂದ್ರೆ ಬಸ್ ಬುಡಾಕಿಲ್ಲ ಅಂತ ಅಂದೆ ಕಣ್ಲಾ! ಮೂರ್ ಗಂಟೆಯಿಂದ ಕಾದು ಸೊಂಟ ಬಿದ್ದೋಗದೆ.”

ಅಷ್ಟು ಹೇಳಿದ್ದೇ ತಡ, ಕಟ್ಟೆ ಒಡೆಯಿತು. ನಂಗೂ ಕಾಣಲ್ಲ, ನಂಗೂ ಕಾಣಲ್ಲ ಎಂದು ಎರಡೂ ಕಡೆಯ ಹಿರಿಯರು ಒಬ್ಬೊಬ್ಬರಾಗಿ ಒಪ್ಪಿಕೊಂಡರು. ಮೇಲೆ ಎಂದು ಕೂಗಿದವರಿಗೂ ಕಂಡಿರಲಿಲ್ಲ, ಕೆಳಗೆ ಎಂದು ಕೂಗಿದವರಿಗೂ ಕಂಡಿರಲಿಲ್ಲ. ನಿಜವಾಗಿ ನೋಡಿದವರು ಸಿಂಚನ ಮತ್ತು ಪ್ರಸನ್ನ, ಇಬ್ಬರೇ. ಅವನು ಅವಳ ಕೈ ಹಿಡಿದು ಮೇಲೆ ಸರಿಯಾದ ಜಾಗಕ್ಕೆ ಒಯ್ದ. ಅವಳು, “ಹೂಂ, ಎರಡಿವೆ” ಎಂದಳು. ಈ ಸಲ ದನಿಯೇ ಬೇರೆ ಇತ್ತು.

ಮೇಷ್ಟ್ರ ಬುದ್ಧಿ ಅಷ್ಟಕ್ಕೇ ಸುಮ್ಮನಿರುತ್ತದೆಯೇ? “ಬರಿಗಣ್ಣಿಗೆ ಎರಡು, ಅಷ್ಟೇ. ವಿಜ್ಞಾನಿಗಳ ಪ್ರಕಾರ ವಸಿಷ್ಠ ಒಂದೇ ನಾಲ್ಕು ನಕ್ಷತ್ರ, ಅರುಂಧತಿ ಎರಡು. ಒಟ್ಟು ಆರು ಜೊತೇಲಿವೆ” ಎಂದ.

“ಆರು ಜನವಾ?” ಎಂದರು ಪುಟ್ಟತಾಯಮ್ಮ ಖುಷಿಯಾಗಿ. “ಕೇಳುಸ್ಕಂಡ್ಯೇನವ್ವ ಸಿಂಚನ? ಗಂಡ ಎಂಡ್ತಿ ಇಬ್ರೇ ಅಂದ್ಕಂಡಿದ್ಯಾ. ಅಲ್ಲೂ ಅತ್ತೆ ಮಾವ ಅಜ್ಜಿ ಎಲ್ಲಾ ಅವ್ರೆ!” ಸಿಂಚನಳ ಮುಖ ಹೇಗಾಯಿತೋ, ಕತ್ತಲೆಯಾದ್ದರಿಂದ ಫೋಟೋದಲ್ಲೂ ಬಂದಿಲ್ಲ.

ನಿಂಗಣ್ಣನಿಗೆ ದೀಪ ಹಾಕಲು ಹೇಳಿ ನಾನು ಪುಸ್ತಕ ಪೆನ್ನು ತೆಗೆದೆ. ಕೈಯಲ್ಲಿ ಪಟ್ಟಿ ಇದ್ದರೆ ನನಗೆ ಧೈರ್ಯ. “ಕಾಣದೆ ಇರೋರೆಲ್ಲ ಈ ಕಡೆ ಬನ್ನಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಸನದ ಕಣ್ಣಾಸ್ಪತ್ರೆ. ಇದೇ ಬಸ್ಸು. ಹೆಸರು ಹೇಳಿ.”

ಎಲ್ಲರೂ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರು. “ಕಾಲು ಗಂಟೆ ಕೆಲಸ, ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ” ಎಂದೆ.

“ಮೊದ್ಲು ನಿನ್ ಎಸ್ರು ಬರ್ಕೊ” ಎಂದರು ಪುಟ್ಟತಾಯಮ್ಮ.

“ನಾನು ಕರ್ಕೊಂಡು ಹೋಗೋಳು ಅಮ್ಮ, ನಂದು ಕೊನೇಲಿ.”

“ಊಂಊಂ. ಮೊದ್ಲು ನಿಂದು ಸುಲೀಲಿ. ನಾವು ಆಚೆ ಕುಂತ್ಕಂಡು ಕಿವಿ ಕೊಟ್ಟಿರ್ತೀವಿ. ನೀನ್ ಕಿರುಚ್ಕಂಡ್ರೆ ಬಸ್ ಅತ್ಕಂಡು ವಾಪಸ್ ಓಯ್ತೀವಿ.”

ಎಲ್ಲರೂ ಅದೇ ಸರಿ ಎಂದರು. ಮೊದಲನೆಯ ಸಾಲಿನಲ್ಲಿ ನನ್ನ ಹೆಸರು ಬರೆದೆ. ಅದರ ಕೆಳಗೆ ಹನ್ನೊಂದು ಹೆಸರು ಬಂದವು.

ಸೋಮವಾರ ಹನ್ನೊಂದೂ ಜನ ಬಂದರು. ಡಾಕ್ಟರು ಎಲ್ಲರ ಕಣ್ಣು ನೋಡಿ, ದಿನಕ್ಕಿಷ್ಟು ಎಂದು ಸರದಿ ಗೊತ್ತು ಮಾಡಿದರು. ಬುಧವಾರ ನನ್ನದು ಮೊದಲು. ಮತ್ತೆ ಹನ್ನೊಂದೂ ಜನ ಹಾಜರು. ತಮ್ಮ ಸರದಿ ಇಲ್ಲದವರೂ ನನ್ನ ಕಿರುಚಾಟ ಕೇಳಲೆಂದೇ ಬಂದಿದ್ದರು. ಬೆಂಚಿನ ಮೇಲೆ ಸಾಲಾಗಿ ಕುಳಿತರು. ನಾನು ಮೇಜಿನ ಮೇಲೆ ಮಲಗಿದೆ. ಮುಖಕ್ಕೆ ಹಸಿರು ಬಟ್ಟೆ ಮುಚ್ಚಿದರು. ಹಲ್ಲು ಕಚ್ಚಿ, ಒಂದರಿಂದ ಎಣಿಸತೊಡಗಿದೆ. ನಾನು ಕಿರುಚಿದರೆ ಹನ್ನೊಂದು ಜನರ ಇಪ್ಪತ್ತೆರಡು ಕಣ್ಣು ಹಾಗೇ ಉಳಿಯುತ್ತವೆ. ಎಂಟು ನೂರ ಇಪ್ಪತ್ತಕ್ಕೆ ಡಾಕ್ಟರು “ಮುಗೀತು” ಎಂದರು. ನೋವೇ ಆಗಿರಲಿಲ್ಲ. ಅಷ್ಟು ವರ್ಷ ನಾನು ಜನರಿಗೆ ಹೇಳಿದ್ದು ನಿಜವಾಗಿತ್ತು!

ಅಷ್ಟರಲ್ಲಿ ಹೊರಗೆ ಯಾರೋ ಪ್ರಾಣ ಹೋದ ಹಾಗೆ ಕಿರುಚಿದರು.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಚೆ ಬಂದೆ. ಬಾಗಿಲು ತೆರೆದಾಗ ಹಸಿರು ಬಟ್ಟೆಯ ಕೆಳಗೆ ಅಲ್ಲಾಡದೆ ಮಲಗಿದ್ದ ನನ್ನನ್ನು ಕಂಡು ನಮ್ಮ ಯಜಮಾನರು ಕಿರುಚಿ ಗೋಡೆಗೊರಗಿದ್ದರು. ಒಬ್ಬ ನರ್ಸ್ ಅವರಿಗೆ ನೀರು ಕುಡಿಸುತ್ತಿದ್ದಳು. ಬೆಂಚು ಖಾಲಿ.

ಮೆಟ್ಟಿಲಿಳಿದು ಹೋದೆ. ಬಸ್ಸಿನ ಇಂಜಿನ್ ಶುರುವಾಗಿತ್ತು. ಫುಟ್‌ಬೋರ್ಡಿನ ಮೇಲೆ ನಿಂತು ಎಣಿಸಿದೆ. ಹನ್ನೊಂದು ತಲೆ ಇದ್ದವು, ಎಲ್ಲಾ ಸೀಟಿನ ಹಿಂದೆ ಬಗ್ಗಿಕೊಂಡು.

“ಕಿರುಚಿದ್ದು ನಾನಲ್ಲ, ನಮ್ಮ ಯಜಮಾನರು. ಇಳೀರಿ” ಎಂದೆ.

ಪುಟ್ಟತಾಯಮ್ಮ ಮೊದಲು ಇಳಿದರು.